ಮಕ್ಕಳಿಗೆ ಮನೆಯಲ್ಲೇ ಕಲಿಸಲು ಹೊರಟಿದ್ದೇವೆ, ಜೂನ್‌ನಲ್ಲಿ ಎಲ್ಲಿಂದ ಶುರು ಮಾಡೋದು?

ದಾವಣಗೆರೆ_ಅಮ್ಮ ಕೇಳಿದ್ದು:

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಮಗಳಿಗೆ 10 ವರ್ಷ, ನಾಲ್ಕನೇ ಕ್ಲಾಸ್ ಮುಗಿದಿದೆ. ಮಗನಿಗೆ ಈಗಷ್ಟೇ 6 ತುಂಬಿದೆ, ಇನ್ನೂ ಒಂದನೇ ಕ್ಲಾಸಿಗೆ ಸೇರಿಸಿಲ್ಲ. ಈ ವರ್ಷದಿಂದ ಇಬ್ಬರಿಗೂ ಮನೆಯಲ್ಲೇ ಕಲಿಸೋಣ ಅಂತ ನಾನೂ ಯಜಮಾನರೂ ಪ್ರಾರ್ಥನೆ ಮಾಡಿ ತೀರ್ಮಾನಿಸಿದ್ದೇವೆ. ಅವರು ಬೆಳಿಗ್ಗೆ 9ಕ್ಕೆ ಹೊರಟರೆ ಬರೋದು ರಾತ್ರಿ. ಕಲಿಸೋದು ಬಹುಪಾಲು ನಾನೇ. ನಂದು ಬಿ.ಕಾಂ., ಬಿ.ಎಡ್. ಆಗಿಲ್ಲ. ಇದೇ ದೊಡ್ಡ ಅಳುಕು.

ಕೇಳಬೇಕಿರೋದು: ದಿನಕ್ಕೆ ಎಷ್ಟು ಹೊತ್ತು ಕೂರಿಸಬೇಕು? ಸತ್ಯವೇದವನ್ನು (ಬೈಬಲನ್ನು) ಪಾಠದೊಳಗೆ ಹೇಗೆ ಸೇರಿಸೋದು? ಅಮೆರಿಕದ ಕ್ರಿಶ್ಚಿಯನ್ ಹೋಮ್‌ಸ್ಕೂಲ್ ಪುಸ್ತಕಗಳ ಸೆಟ್ ತರಿಸಿಕೊಳ್ಳಿ ಅಂತ ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಒಬ್ಬರು ಹೇಳ್ತಿದ್ದಾರೆ, ತರಿಸಬೇಕಾ? ಕಾನೂನಿನ ತೊಂದರೆ ಏನಾದರೂ ಉಂಟಾ?

ಎರಡುಗೆರೆ ಉತ್ತರ:

ಸಿಸ್ಟರ್, ಬಿ.ಎಡ್. ಚಿಂತೆ ಮೊದಲು ಬಿಡಿ. ಆ ತರಬೇತಿಯಲ್ಲಿ ದೊಡ್ಡ ಪಾಲು ಒಂದು ಕೋಣೆ ತುಂಬ ಮಕ್ಕಳನ್ನು ಸಂಭಾಳಿಸಿ ಪಾಠ ಮಾಡುವುದಕ್ಕೆ. ನಿಮ್ಮ ಮುಂದೆ ಇರೋದು ಇಬ್ಬರು. ಮಗು ಎಲ್ಲಿ ತಡವರಿಸಿತು ಅನ್ನೋದು ಅದೇ ಗಳಿಗೆಯಲ್ಲಿ ನಿಮಗೆ ಕಾಣುತ್ತದೆ, ಪರೀಕ್ಷೆ ಇಟ್ಟು ಕಂಡುಹಿಡಿಯಬೇಕಾಗಿಲ್ಲ. ಐದನೇ ಕ್ಲಾಸಿನ ಗಣಿತ ನಿಮಗೆ ಬಾರದ್ದೇನೂ ಅಲ್ಲ. ಬೇಕಾಗಿರೋದು ತಾಳ್ಮೆ ಮತ್ತು ಸರಿಯಾದ ಕ್ರಮ.

ಹೊತ್ತಿನ ಲೆಕ್ಕ: ಮಗನಿಗೆ ಎಲ್ಲ ಸೇರಿ ಒಂದೂವರೆ ಗಂಟೆ ಸಾಕು, ಅದೂ 15 ನಿಮಿಷದ ತುಂಡುಗಳಲ್ಲಿ. ಮಗಳಿಗೆ ಮೂರು ಗಂಟೆ. ಅದಕ್ಕಿಂತ ಹೆಚ್ಚು ಕೂರಿಸಿದರೆ ಮಕ್ಕಳು ಕಲಿಯೋದಿಲ್ಲ, ಕೂತಿರುತ್ತಾರೆ ಅಷ್ಟೆ. ಹೊಸಬರು ಎಡವೋದು ಇಲ್ಲೇ. ಶಾಲೆಯ ಏಳು ಪೀರಿಯಡ್ಡಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆ, ಆಗಸ್ಟ್ ಹೊತ್ತಿಗೆ ತಾಯಿಗೂ ಸಾಕು, ಮಕ್ಕಳಿಗೂ ಸಾಕು. ಮೊದಲ ಆರು ವಾರ ಕನ್ನಡ, ಇಂಗ್ಲಿಷ್, ಗಣಿತ, ಸತ್ಯವೇದ ಇಷ್ಟೇ ಇರಲಿ. ವಿಜ್ಞಾನ, ಸಮಾಜ ಜುಲೈ ಕೊನೆಗೆ ಸೇರಿಸಿದರೂ ಏನೂ ಹಾಳಾಗೋದಿಲ್ಲ.

ಮಗನ ಕನ್ನಡಕ್ಕೆ 49 ಅಕ್ಷರಗಳನ್ನು ಅ ಆ ಇ ಈ ಸಾಲಿನಲ್ಲೇ ಬರೆಸುತ್ತಾ ಹೋಗಬೇಡಿ. ಹಾಗೆ ಹೋದರೆ ಮೊದಲ ಪದ ಓದೋಕೇ ತಿಂಗಳುಗಟ್ಟಲೆ ಬೇಕು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯ ಕ್ರಮ ಒಳ್ಳೆಯದು: ಮೊದಲು ರ ಗ ಸ ದ ಅ. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಮೊದಲ ವಾರದಲ್ಲೇ ಹುಡುಗ "ನಾನು ಓದ್ತೀನಿ" ಅಂತ ಎದ್ದು ಕುಣಿಯುತ್ತಾನೆ. ಆಮೇಲೆ ಜ ವ ಮ ಬ ನ ಸೇರಿಸಿದರೆ ಮರ, ವನ, ಜನ, ನಗರ, ಅವಸರ ಎಲ್ಲ ಬರುತ್ತವೆ. ವಾರಕ್ಕೆ ಐದು ಅಕ್ಷರ, ಅದಕ್ಕಿಂತ ವೇಗ ಬೇಡ. ಕಾಗುಣಿತ ಆಮೇಲೆ. ಒತ್ತಕ್ಷರದಲ್ಲಿ ಸಜಾತೀಯ ಮೊದಲು (ಅಕ್ಕ, ಅಪ್ಪ, ಹಳ್ಳ), ವಿಜಾತೀಯ ನಂತರ (ಸತ್ಯ, ಭಕ್ತಿ).

ಕಾಗುಣಿತದಲ್ಲಿ ಒಂದು ಮೋಸ ಇದೆ. ಮಗು ಕ ಕಾ ಕಿ ಕೀ ಅಂತ ರಾಗವಾಗಿ ಒಪ್ಪಿಸುತ್ತದೆ, ಬಂತು ಅಂದುಕೊಳ್ಳುತ್ತೀರಿ. "ಗೀ" ಒಂದನ್ನೇ ಚೀಟಿಯಲ್ಲಿ ಬರೆದು ತೋರಿಸಿ ನೋಡಿ. ಬಾಯೊಳಗೆ ಮೊದಲಿನಿಂದ ಹಾಡಿಕೊಂಡು ಬಂದು ಹೇಳಿದರೆ ಇನ್ನೂ ಬಂದಿಲ್ಲ ಅಂತಲೇ ಅರ್ಥ. ಚೀಟಿಗಳನ್ನು ಕಲಸಿ ಕೇಳುತ್ತಿರಿ.

ಮಗಳಿಗೆ ನೇರ ಐದನೇ ಕ್ಲಾಸಿನ ಪುಸ್ತಕ ಹಿಡಿಸಬೇಡಿ. ಏನೂ ಹೇಳಿಕೊಡದೆ ನಾಲ್ಕನೇ ಕ್ಲಾಸಿನ ಗಣಿತದ ಅಭ್ಯಾಸಗಳನ್ನು ದಿನಕ್ಕೊಂದು ಮಾಡಿಸಿ. ಎಲ್ಲಿ ನಿಲ್ಲುತ್ತಾಳೋ ಅಲ್ಲಿಂದ ಶುರು. ಬಹಳ ಮಕ್ಕಳು ನಿಲ್ಲೋದು ದಶಕ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ. 52ರಲ್ಲಿ 27 ಕಳೆ ಅಂದರೆ 35 ಬರೆಯುತ್ತಾರೆ. ಏಕೆಂದರೆ 2ರಲ್ಲಿ 7 ಹೋಗೋದಿಲ್ಲ, ಅದಕ್ಕೆ 7ರಲ್ಲಿ 2 ಕಳೆದುಬಿಡುತ್ತಾರೆ. ಇದು ಅಜಾಗರೂಕತೆ ಅಲ್ಲ, ಸ್ಥಾನಬೆಲೆ ಗಟ್ಟಿಯಾಗಿಲ್ಲ. ತೆಂಗಿನ ಪೊರಕೆಯ ಕಡ್ಡಿ 100 ಸಮನಾಗಿ ಮುರಿದು, ಹತ್ತತ್ತಕ್ಕೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟು ಮಾಡಿ. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಕೈಗೆ ಕೊಟ್ಟು 27 ವಾಪಸ್ ಕೇಳಿ. ಬಿಡಿಯಾಗಿ 7 ಕೊಡಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ಹತ್ತು ದಿನ ಕಡ್ಡಿ, ಆಮೇಲೆ ಚೌಕಳಿ ಪುಸ್ತಕ. ಚೌಕಳಿ ಯಾಕೆಂದರೆ ಅಂಕಿ ಕೆಳಗೆ ಅಂಕಿ ಸರಿಯಾಗಿ ಕೂರುತ್ತದೆ.

ಕನ್ನಡಕ್ಕೂ ಇಂಗ್ಲಿಷಿಗೂ ವಾರದಲ್ಲಿ ಮೂರು ದಿನ ಐದು ಸಾಲಿನ ಉಕ್ತಲೇಖನ. ತಪ್ಪಿದ ಪದವನ್ನು ಹತ್ತು ಸಲ ಬರೆಸಬೇಡಿ. ಮರುದಿನದ ಉಕ್ತಲೇಖನದೊಳಗೆ ಅದೇ ಪದ ಮತ್ತೆ ಬರುವ ಹಾಗೆ ನೋಡಿಕೊಳ್ಳಿ.

ಕಲಂ_ಹತ್ತು ಉತ್ತರ:

ಕಾನೂನಿನ ಬಗ್ಗೆ ಕೇಳಿದ್ದೀರಿ, ಇದರಲ್ಲಿ ಹೆದರಿಸುವವರೂ ಹೆಚ್ಚು, "ಏನೂ ಆಗಲ್ಲ ಬಿಡಿ" ಅನ್ನುವವರೂ ಹೆಚ್ಚು. ಇರುವುದು ಇಷ್ಟು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಅದರ 10ನೇ ಕಲಂ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅನ್ನುತ್ತದೆ. ಸೇರಿಸದ ತಂದೆತಾಯಿಗೆ ಇಂಥ ದಂಡ ಅಂತ ಆ ಕಾಯ್ದೆಯಲ್ಲಿ ಇಲ್ಲ. ಮನೆಯಲ್ಲಿ ಕಲಿಸಬಹುದು ಅಂತಲೂ ಬರೆದಿಲ್ಲ, ಕಲಿಸಬಾರದು ಅಂತಲೂ ಬರೆದಿಲ್ಲ. ಹಾಗಾಗಿ ಇದು ಪೂರ್ತಿ ಬಿಳಿಯೂ ಅಲ್ಲ ಕಪ್ಪೂ ಅಲ್ಲ ಅನ್ನೋದನ್ನು ಗೊತ್ತಿಟ್ಟುಕೊಂಡೇ ಹೆಜ್ಜೆ ಇಡಿ.

ನಿಜವಾಗಿ ಎಚ್ಚರ ಬೇಕಾದದ್ದು 18ನೇ ಕಲಮಿನ ಬಗ್ಗೆ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000. ನಿಮ್ಮ ಮಕ್ಕಳಿಗೆ ನೀವು ಕಲಿಸುವುದು ಒಂದು. ಸಭೆಯ ಇನ್ನೂ ಹತ್ತು ಮಕ್ಕಳನ್ನು ಸೇರಿಸಿ, ಫೀಸು ತೆಗೆದುಕೊಂಡು, ಸಭಾಂಗಣದ ಮುಂದೆ ಒಂದು ಬೋರ್ಡು ನೇತುಹಾಕಿದರೆ ಅದು ಬೇರೆಯೇ. ಒಳ್ಳೆಯ ಮನಸ್ಸಿನಿಂದಲೇ ಹೀಗೆ ಶುರುವಾಗುತ್ತದೆ, ತೊಂದರೆಯೂ ಅಲ್ಲಿಂದಲೇ.

ಮಗಳ ಟಿ.ಸಿ. ತೆಗೆದುಕೊಳ್ಳಿ. ಕೈಗೆ ಬಂದ ದಿನವೇ ಹೆಸರು, ಇನಿಷಿಯಲ್, ತಂದೆಯ ಹೆಸರು, ಹುಟ್ಟಿದ ದಿನಾಂಕ ಇವನ್ನು ಜನನ ಪ್ರಮಾಣಪತ್ರ ಮತ್ತು ಆಧಾರ್ ಜೊತೆ ಅಕ್ಷರಕ್ಕಕ್ಷರ ತಾಳೆ ನೋಡಿ. ನಮ್ಮಲ್ಲಿ ದೀಕ್ಷಾಸ್ನಾನದ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು ಇರೋದು ಮಾಮೂಲು. ಹತ್ತನೇ ಪರೀಕ್ಷೆಗೆ ಅರ್ಜಿ ಹಾಕುವಾಗ ಅದು ಮುಳ್ಳಾಗುತ್ತದೆ, ಈಗಲೇ ತಿದ್ದಿಸೋದು ಸುಲಭ. ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ) ಬರೆದಿಟ್ಟುಕೊಳ್ಳಿ.

ಶಾಲೆಯ ಪಟ್ಟಿಯಿಂದ ಹೆಸರು ಹೋದ ಮಗು ಶಾಲೆಯಿಂದ ಹೊರಗುಳಿದವರ ಲೆಕ್ಕಕ್ಕೆ ಬರಬಹುದು, ಸಿ.ಆರ್.ಪಿ. (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಂಪನ್ಮೂಲ ವ್ಯಕ್ತಿ) ಮನೆಗೆ ಬಂದು ಕೇಳಬಹುದು. ಬಂದರೆ ವಾದಕ್ಕೆ ಇಳಿಯಬೇಡಿ, ಕೂರಿಸಿ ಫೈಲು ತೋರಿಸಿ. ಫೈಲಿನಲ್ಲಿ ಇರಬೇಕಾದದ್ದು: ದಿನಾಂಕ ಹಾಕಿದ ದಿನಚರಿ (ದಿನಕ್ಕೆ ಎರಡು ಸಾಲು ಸಾಕು), ಬಳಸುತ್ತಿರುವ ಪುಸ್ತಕಗಳ ಪಟ್ಟಿ, ತಿಂಗಳಿಗೆ ವಿಷಯಕ್ಕೊಂದರಂತೆ ಮಗುವಿನ ಕೈಬರಹದ ಹಾಳೆ. ಒಳ್ಳೊಳ್ಳೆಯ ಹಾಳೆಗಳನ್ನಷ್ಟೇ ಆರಿಸಿ ಇಡಬೇಡಿ. ಜೂನ್‌ನ ಕೆಟ್ಟ ಹಾಳೆ, ಡಿಸೆಂಬರಿನ ಸುಧಾರಿಸಿದ ಹಾಳೆ ಎರಡೂ ಇದ್ದರೆ ಕಲಿಕೆ ನಡೆದಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಧೈರ್ಯಕ್ಕೆ ಒಂದು ವಿಷಯ: ಅದೇ ಕಾಯ್ದೆಯ 4ನೇ ಕಲಂ ಪ್ರಕಾರ ಶಾಲೆ ಬಿಟ್ಟಿದ್ದ ಮಗು ವಾಪಸ್ ಬಂದರೆ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಈ ವರ್ಷ ಮಾಡಿ ನೋಡಿ ಆಗಲಿಲ್ಲ ಅಂದರೆ ಮುಂದಿನ ಜೂನ್‌ಗೆ ಶಾಲೆಗೆ ಕಳಿಸಬಹುದು.

ಮೊಳದ_ಲೆಕ್ಕ ಉತ್ತರ:

ಸತ್ಯವೇದದ ಬಗ್ಗೆ ನಾನು ಹೇಳೋದು ಕೆಲವರಿಗೆ ಹಿಡಿಸದೇ ಇರಬಹುದು. ಎಲ್ಲ ವಿಷಯಕ್ಕೂ ಒಂದೊಂದು ವಚನ ಅಂಟಿಸೋದು ಕ್ರೈಸ್ತ ಶಿಕ್ಷಣ ಅಲ್ಲ. ಗುಣಾಕಾರದ ಹಾಳೆಯ ಮೇಲ್ಗಡೆ ವಚನ ಬರೆದ ಮಾತ್ರಕ್ಕೆ ಗುಣಾಕಾರ ಪವಿತ್ರವಾಗೋದಿಲ್ಲ, ಸರಿ ಮಾಡಿದರೆ ಸಾಕು. ಇನ್ನೊಂದು, ತಪ್ಪು ಮಾಡಿದ ಮಗುವಿಗೆ ಶಿಕ್ಷೆಯಾಗಿ ವಚನ ಬರೆಸೋದು ಬೇಡವೇ ಬೇಡ. ಐವತ್ತು ಸಲ ಬರೆದ ವಚನವನ್ನು ಮಗು ಪ್ರೀತಿಸೋದಿಲ್ಲ. ಧರ್ಮೋಪದೇಶಕಾಂಡ 6ರಲ್ಲಿ ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ದೇವರ ಮಾತುಗಳ ವಿಷಯ ಮಕ್ಕಳ ಜೊತೆ ಮಾತಾಡಿ ಅಂತ ಇದೆ. ಅದು ಮಾತುಕತೆಯ ಕ್ರಮ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ಕಥೆ ಓಡುತ್ತದೆ. ದಿನಕ್ಕೆ ಅರ್ಧ ಅಧ್ಯಾಯ, ವಾರಕ್ಕೆ ನಾಲ್ಕು ದಿನ ಅಂದರೆ ಎಂಟು ವಾರಕ್ಕೆ ಮುಗಿಯಿತು. ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಓದಿದ ಮೇಲೆ ಪ್ರಶ್ನೆ ಕೇಳಬೇಡಿ, ಪುಸ್ತಕ ಮುಚ್ಚಿ "ಏನಾಯ್ತು ಹೇಳು" ಅನ್ನಿ. ಮೊದಲು ಚಿಕ್ಕವನು ಹೇಳಲಿ, ಬಿಟ್ಟದ್ದನ್ನು ಅಕ್ಕ ಸೇರಿಸಲಿ. ಉಲ್ಟಾ ಮಾಡಿದರೆ ತಮ್ಮನಿಗೆ ಹೇಳೋಕೆ ಏನೂ ಉಳಿಯೋದಿಲ್ಲ. ಬಾಯಿಪಾಠಕ್ಕೆ ವಾರಕ್ಕೆ ಒಂದೇ ವಚನ. ಸತ್ಯವೇದದ ಕೀರ್ತನೆಗಳಲ್ಲಿ 117ನೆಯದು ಎರಡೇ ವಚನ, 23ನೆಯದು ಆರು, ಅವುಗಳಿಂದ ಮೊದಲು ಮಾಡಿ. ಓದೋಕೆ ಹಳೆಯ ಅನುವಾದ ದೊಡ್ಡವರ ಬಾಯಲ್ಲಿ ಚೆಂದ, ಮಗನಿಗೆ ಅದರ ಉದ್ದುದ್ದ ಪದ ಒಡೆಯೋಕೆ ಇನ್ನೂ ಎರಡು ವರ್ಷ ಬೇಕು. ಅವನ ಕೈಗೆ ಸರಳ ಕನ್ನಡದ ಅನುವಾದ ಕೊಡಿ.

ಇನ್ನು ಸತ್ಯವೇದವೇ ತಾನಾಗಿ ಬೇರೆ ಪಾಠಕ್ಕೆ ಕರೆದೊಯ್ಯುವ ಜಾಗಗಳಿವೆ, ಅವನ್ನು ಬಿಡಬೇಡಿ. ನೋಹನ ನಾವೆಯ ಅಳತೆ ಆದಿಕಾಂಡ 6ರಲ್ಲಿ ಇದೆ: 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಮಗನ ಮೊಣಕೈಯಿಂದ ನಡುಬೆರಳ ತುದಿವರೆಗೆ ಟೇಪ್ ಹಿಡಿಯಿರಿ, ಆಮೇಲೆ ಅಪ್ಪನದು. ಮಗನ ಮೊಳದಲ್ಲಿ ಕಟ್ಟಿದರೆ ನಾವೆ ಎಷ್ಟು ಚಿಕ್ಕದಾಗುತ್ತದೆ ಅಂತ ಮಗಳು ಲೆಕ್ಕ ಹಾಕಲಿ. 45 ಸೆಂ.ಮೀ. ಹಿಡಿದರೆ ಉದ್ದ 135 ಮೀಟರ್. ಮೈದಾನಕ್ಕೆ ಹೋಗಿ ಹೆಜ್ಜೆ ಹಾಕಿ ನೋಡಿ. ಮೊಳದ ಲೆಕ್ಕದಲ್ಲಿ ಹೂ ಮಾರುವವರಲ್ಲಿ ಕೈ ಉದ್ದದವರಿಂದಲೇ ಯಾಕೆ ಕೊಳ್ಳಬೇಕು ಅಂತ ಕೇಳಿದರೆ ಅಳತೆಗೆ ಒಂದು ಗೊತ್ತಾದ ಮಾನ ಯಾಕೆ ಬೇಕು ಅನ್ನೋ ಪಾಠವೂ ಮುಗಿಯಿತು.

ಲೂಕನ ಸುವಾರ್ತೆ 10ರಲ್ಲಿ ಒಬ್ಬ ಯೆರೂಸಲೇಮಿನಿಂದ ಯೆರಿಕೋವಿಗೆ "ಇಳಿದು" ಹೋಗುತ್ತಾ ಕಳ್ಳರ ಕೈಗೆ ಸಿಗುತ್ತಾನೆ. ಯೆರೂಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲೆ, ಯೆರಿಕೋ ಸುಮಾರು 250 ಮೀಟರ್ ಕೆಳಗೆ. ಮಗಳಿಗೆ ಋಣ ಸಂಖ್ಯೆ ಪರಿಚಯಿಸೋಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಟ್ಟು ಇಳಿತ ಎಷ್ಟು? ನಮ್ಮ ಆಗುಂಬೆ ಘಾಟಿಗಿಂತ ಜಾಸ್ತಿ. ಅಂಥ ಬರಡು ಕಣಿವೆಯ ದಾರಿಯಲ್ಲಿ ಕಳ್ಳರು ಯಾಕೆ ಹೊಂಚು ಹಾಕುತ್ತಾರೆ ಅನ್ನೋದು ಭೂಪಟ ನೋಡಿದ ಮಗುವಿಗೆ ತಾನೇ ಹೊಳೆಯುತ್ತದೆ.

ಚರಿತ್ರೆಗೆ ದೂರ ಹೋಗಬೇಕಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834. ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ"ವನ್ನು ಆ ಮಿಷನ್ನಿನ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದರು, ಅದಕ್ಕೇ ಇವತ್ತಿಗೂ ನಮ್ಮಲ್ಲಿ ಪತ್ರಿಕಾ ದಿನ ಜುಲೈ 1. ಮಿಷನ್ನಿನ ಹೆಂಚಿನ ಕಾರ್ಖಾನೆ 1865. ಕಿಟ್ಟೆಲ್ ನಿಘಂಟು 1894. ಗೋಡೆಗೆ ದಾರ ಕಟ್ಟಿ ಈ ವರ್ಷಗಳ ಚೀಟಿ ನೇತುಹಾಕಿ, 1857, 1947, 1956 ಕೂಡ ಅದೇ ದಾರಕ್ಕೆ. ನಿಮ್ಮ ಮನೆಯ ಮಾಡಿನಲ್ಲಿ ಮಂಗಳೂರು ಹೆಂಚು ಇದ್ದರೆ ಒಂದನ್ನು ತಿರುಗಿಸಿ ಹಿಂದಿನ ಅಚ್ಚು ಓದಿಸಿ.

ಅಮೆರಿಕದ ಸೆಟ್ ಬಗ್ಗೆ: ಮೊದಲ ವರ್ಷ ಬೇಡ. ದುಡ್ಡು ಒಂದು ಕಾರಣ. ಪುಸ್ತಕದ ಬೆಲೆಗಿಂತ ಸಾಗಣೆ ಹೆಚ್ಚಾಗಬಹುದು. ಗಣಿತದಲ್ಲಿ ಇಂಚು, ಪೌಂಡು, ಸೆಂಟು, ಡೈಮು. ಸಮಾಜದಲ್ಲಿ ಅವರ ರಾಜ್ಯಗಳು, ಅವರ ಅಧ್ಯಕ್ಷರು. ಕನ್ನಡ ಇಲ್ಲವೇ ಇಲ್ಲ. ಎ.ಸಿ.ಇ. (ಆಕ್ಸಿಲರೇಟೆಡ್ ಕ್ರಿಶ್ಚಿಯನ್ ಎಜುಕೇಶನ್) ತರಹದ ಪದ್ಧತಿಯಲ್ಲಿ ವಿಷಯಕ್ಕೆ ವರ್ಷಕ್ಕೆ 12 ಪುಸ್ತಿಕೆ, ಮಗು ತಾನೇ ತುಂಬಿ, ಉತ್ತರದ ಪುಸ್ತಕ ನೋಡಿ ತಾನೇ ತಿದ್ದಿಕೊಳ್ಳಬೇಕು, ಪರೀಕ್ಷೆಯಲ್ಲಿ ನೂರಕ್ಕೆ 80 ಬಂದರೆ ಪಾಸು. ತಾಯಿಗೆ ಹಗುರ ಅನ್ನಿಸುತ್ತದೆ. ಆದರೆ ಕೆಲವು ವಾರದಲ್ಲೇ ಮಕ್ಕಳು ಉತ್ತರ ಮೊದಲು ನೋಡಿ ಆಮೇಲೆ ತುಂಬೋದು ಕಲಿಯುತ್ತಾರೆ, ಅದು ಪರೀಕ್ಷೆಯವರೆಗೆ ಗೊತ್ತೇ ಆಗೋದಿಲ್ಲ. ಬೇಕೇಬೇಕು ಅಂದರೆ ಇಂಗ್ಲಿಷ್ ಓದಿನ ಪುಸ್ತಕ ಮಾತ್ರ ತರಿಸಿ. ಉಳಿದದ್ದಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಎನ್.ಸಿ.ಇ.ಆರ್.ಟಿ. ಪುಸ್ತಕಗಳೂ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಗಣಿತದ್ದು ಮಾತ್ರ ಪ್ರಿಂಟ್ ತೆಗೆಸಿ, ಉಳಿದದ್ದು ಪರದೆಯ ಮೇಲೆ ನೋಡಿದರೆ ಆಯ್ತು.

ದಾವಣಗೆರೆ_ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಎದೆ ಸ್ವಲ್ಪ ಹಗುರಾಯ್ತು. ಇನ್ನು ಮೂರು. ಹತ್ತನೇ ಕ್ಲಾಸ್ ಪರೀಕ್ಷೆ ಹೇಗೆ? ಮಗ ಪೆನ್ಸಿಲ್ ಕೊಟ್ಟರೆ ಓಡಿಹೋಗ್ತಾನೆ, ಐದು ಅಕ್ಷರಕ್ಕೇ ಕೈ ನೋವು ಅಂತಾನೆ. ಮತ್ತೆ ನಮ್ಮ ಅತ್ತೆ, "ಮಕ್ಕಳ ಭವಿಷ್ಯ ಹಾಳು ಮಾಡ್ತೀಯ" ಅಂತ ದಿನಾ.

ಐದು_ವಿಷಯ ಉತ್ತರ:

ಪರೀಕ್ಷೆಗೆ ಮಗಳಿಗೆ ಇನ್ನೂ ನಾಲ್ಕು ವರ್ಷ ಇದೆ, ಆದರೂ ದಾರಿ ಗೊತ್ತಿದ್ದರೆ ನೆಮ್ಮದಿ. ಹೆಚ್ಚಿನವರು ಹಿಡಿಯೋದು ಎನ್.ಐ.ಓ.ಎಸ್., ಕೇಂದ್ರ ಸರ್ಕಾರದ ಮುಕ್ತ ಶಾಲೆ, 1989ರಿಂದ ಇದೆ, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಸೆಕೆಂಡರಿಗೆ 14 ವರ್ಷ ತುಂಬಿರಬೇಕು. ಹಿಂದಿನ ಶಾಲೆಯ ಅಂಕಪಟ್ಟಿ ಇಲ್ಲದಿದ್ದರೆ ಈ ಕೋರ್ಸಿಗೆ ಬೇಕಾದಷ್ಟು ಓದಿದ್ದೇನೆ ಅಂತ ಸ್ವಯಂ ಘೋಷಣೆ ಕೊಡಬಹುದು, ಜನ್ಮದಿನಾಂಕದ ದಾಖಲೆ ಮಾತ್ರ ಬೇಕೇ ಬೇಕು. ಮೇಲೆ ಟಿ.ಸಿ. ತಾಳೆ ನೋಡಿ ಅಂದದ್ದು ಅದಕ್ಕೇ.

ಐದು ವಿಷಯ ಪಾಸಾಗಬೇಕು, ಅದರಲ್ಲಿ ಕನಿಷ್ಠ ಒಂದು ಭಾಷೆ. ನೋಂದಣಿ 5 ವರ್ಷ ನಡೆಯುತ್ತದೆ, ಅಷ್ಟರೊಳಗೆ 9 ಅವಕಾಶ. ವರ್ಷಕ್ಕೆ ಎರಡು ಸಾರ್ವಜನಿಕ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಸುಮಾರಿಗೆ. ಹಾಗಾಗಿ ಐದನ್ನೂ ಒಟ್ಟಿಗೆ ಬರೆಸಬೇಕಿಲ್ಲ. ಒಂದು ಸುತ್ತಿನಲ್ಲಿ ಎರಡು, ಮುಂದಿನದರಲ್ಲಿ ಮೂರು ಮಾಡಿದರೆ ಮಕ್ಕಳಿಗೆ ಹಗುರ. ಪಾಸಾಗೋಕೆ 33. ಮನೆಯಲ್ಲೇ ಬರೆದು ಸಲ್ಲಿಸುವ ಟಿ.ಎಂ.ಎ. ಅನ್ನೋ ಬರಹಕ್ಕೆ 20 ಶೇಕಡಾ ತೂಕ ಇದೆ, ಜನ ಕಳೆದುಕೊಳ್ಳೋದು ಇದರಲ್ಲೇ. ಕೊನೆಯ ದಿನಾಂಕ ದಾಟಿಸಿಬಿಡುತ್ತಾರೆ. ವಿಜ್ಞಾನ ತೆಗೆದುಕೊಂಡರೆ ಪ್ರಾಯೋಗಿಕ ಪರೀಕ್ಷೆ ಉಂಟು, ಅಧ್ಯಯನ ಕೇಂದ್ರ ದೂರ ಇದ್ದರೆ ಆ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಂದೆ ಪಿಯುಸಿ ವಿಜ್ಞಾನ ಬೇಕು ಅಂತಿದ್ದರೆ ಗಣಿತ, ವಿಜ್ಞಾನ ಎರಡನ್ನೂ ಬಿಡಬೇಡಿ, ಸುಲಭ ಅಂತ ಬೇರೆ ವಿಷಯ ಆರಿಸಿ ಆಮೇಲೆ ಪೇಚಾಡುವವರೇ ಹೆಚ್ಚು. ಸೇರಬೇಕಾದ ಕಾಲೇಜು ಯಾವ್ಯಾವ ಕಾಗದ ಕೇಳುತ್ತದೆ ಅಂತ ಒಂದು ವರ್ಷ ಮೊದಲೇ ಹೋಗಿ ವಿಚಾರಿಸಿ.

ನಡುವೆ ಒಂದು ಪ್ರಮಾಣಪತ್ರ ಇರಲಿ ಅನ್ನಿಸಿದರೆ ಅವರದ್ದೇ ಮುಕ್ತ ಮೂಲ ಶಿಕ್ಷಣ ಇದೆ: ಎ, ಬಿ, ಸಿ ಮೂರು ಹಂತ, ಕ್ರಮವಾಗಿ 3, 5, 8ನೇ ತರಗತಿಗೆ ಸಮ. ಕೇಂಬ್ರಿಡ್ಜ್‌ನ ಹತ್ತನೇ ಕ್ಲಾಸ್ ಮಟ್ಟದ ಪರೀಕ್ಷೆ ಐ.ಜಿ.ಸಿ.ಎಸ್.ಇ.ಯನ್ನೂ ಖಾಸಗಿಯಾಗಿ ಬರೆಯಬಹುದು, ಶುಲ್ಕ ಇದಕ್ಕಿಂತ ಎಷ್ಟೋ ಪಟ್ಟು. ಎಸ್.ಎಸ್.ಎಲ್.ಸಿ.ಗೆ ಖಾಸಗಿ ಅಭ್ಯರ್ಥಿಯಾಗಿ ಕೂರೋ ದಾರಿಯೂ ಇದೆ, ವಯಸ್ಸಿನ ನಿಯಮ ಮತ್ತು ಅರ್ಜಿಯ ದಿನಾಂಕ ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಬೇಕು.

ಎರಡುಗೆರೆ ಉತ್ತರ:

ಮಗನ ಕೈನೋವು ನಾಟಕ ಅಲ್ಲ. ಆರು ವರ್ಷದ ಬೆರಳುಗಳಿಗೆ ಇನ್ನೂ ಬಲ ಬಂದಿರೋದಿಲ್ಲ. ಓದಿಗೂ ಬರಹಕ್ಕೂ ಗಂಟು ಹಾಕಬೇಡಿ, ಓದು ಮುಂದೆ ಓಡಲಿ, ಬರಹ ಹಿಂದಿನಿಂದ ಬರಲಿ. ಎರಡು ತಿಂಗಳು ಪೆನ್ಸಿಲ್ ಬದಿಗಿಡಿ. ತಟ್ಟೆಯಲ್ಲಿ ರವೆ ಹರಡಿ ಬೆರಳಲ್ಲಿ ಬರೆಯಲಿ, ಅಂಗಳದಲ್ಲಿ ಸೀಮೆಸುಣ್ಣ ಹಿಡಿದು ದೊಡ್ಡದಾಗಿ ಬರೆಯಲಿ. ಬೆರಳಿಗೆ ಬಲ ಬರೋದು ಅಡುಗೆಮನೆಯಲ್ಲಿ: ಅವರೆಕಾಯಿ ಬಿಡಿಸೋದು, ಚಪಾತಿ ಹಿಟ್ಟು ನಾದೋದು, ಒಣಗಿದ ಬಟ್ಟೆಯ ಕ್ಲಿಪ್ ತೆಗೆಯೋದು. ಆಮೇಲೆ ಮೋಟು ಪೆನ್ಸಿಲ್ ಕೊಡಿ, ಉದ್ದದ್ದಲ್ಲ. ಮೋಟಾಗಿದ್ದರೆ ಮುಷ್ಟಿಯಲ್ಲಿ ಹಿಡಿಯೋಕೆ ಆಗದೆ ಮೂರು ಬೆರಳಲ್ಲೇ ಹಿಡಿಯಬೇಕಾಗುತ್ತದೆ. ದಿನಕ್ಕೆ ಒಂದು ಸಾಲು, ಅದರಲ್ಲಿ ಚೆನ್ನಾಗಿ ಬಂದ ಒಂದು ಅಕ್ಷರಕ್ಕೆ ಅವನೇ ಸುತ್ತು ಹಾಕಲಿ.

ಅತ್ತೆಯವರ ಜೊತೆ ವಾದ ಗೆದ್ದು ಪ್ರಯೋಜನ ಇಲ್ಲ. ಕೆಲಸ ಕೊಡಿ. ಸಂಜೆ ಹತ್ತು ನಿಮಿಷ ಮೊಮ್ಮಗ ಓದೋದನ್ನು ಕೇಳೋದು ಅವರ ಪಾಲು. ನೀವು ಆ ಕೋಣೆಯಲ್ಲಿ ಇರಬೇಡಿ. ಮಗಳ ವಾರದ ವಚನ, ಮಗ್ಗಿ ಕೂಡ ಅವರಿಗೇ ಒಪ್ಪಿಸಲಿ. ಭವಿಷ್ಯ ಹಾಳಾಗುತ್ತಿದೆಯೋ ಇಲ್ಲವೋ ಅವರೇ ನೋಡುತ್ತಾರೆ. "ಬೇರೆ ಮಕ್ಕಳ ಜೊತೆ ಬೆರೆಯೋದು ಹೇಗೆ" ಅನ್ನೋ ಅವರ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಅದಕ್ಕೆ ಸಂಡೇ ಸ್ಕೂಲ್ ಒಂದೇ ಸಾಲದು. ಸಭೆಯ ಹೊರಗಿನ ಮಕ್ಕಳ ಜೊತೆಯೂ ದಿನಾ ಸಂಜೆ ಆಟ ಇರಬೇಕು, ವಾರಕ್ಕೊಮ್ಮೆ ಗ್ರಂಥಾಲಯ. ನಿಮ್ಮದು ಹಳ್ಳಿಯಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಇಬ್ಬರ ಹೆಸರಲ್ಲೂ ಬೇರೆ ಬೇರೆ ಕಾರ್ಡ್ ಮಾಡಿಸಿ. ಒಂದೇ ಕಾರ್ಡ್ ಇದ್ದರೆ ಅಕ್ಕ ಆರಿಸಿದ್ದನ್ನೇ ತಮ್ಮ ಓದಬೇಕಾಗುತ್ತದೆ, ಬೇಗ ಬೇಸರವಾಗುತ್ತದೆ.

ಜ್ವರ ಬಂತು, ನೆಂಟರು ಬಂದರು, ಯಾರದೋ ಮದುವೆ, ಹೀಗೆ ಪಾಠ ತಪ್ಪುವ ದಿನಗಳು ಬಂದೇ ಬರುತ್ತವೆ. ಅಂಥ ದಿನಕ್ಕೆ ಅರ್ಧ ಗಂಟೆಯ ಬಡಪಾಠ ಗೊತ್ತುಮಾಡಿಟ್ಟುಕೊಳ್ಳಿ: ಒಂದು ಪುಟ ಗಟ್ಟಿಯಾಗಿ ಓದು, ಐದು ಲೆಕ್ಕ, ಒಂದು ಕೀರ್ತನೆ. ದಿನಚರಿಯಲ್ಲಿ ಅದನ್ನೂ ಬರೆಯಿರಿ. ತಪ್ಪಿದ ಪಾಠವನ್ನು ಶನಿವಾರಕ್ಕೆ ಪೇರಿಸಬೇಡಿ, ಸೋಮವಾರ ಬಿಟ್ಟಲ್ಲಿಂದ ಹಿಡಿಯಿರಿ.